ಮೂರು ಸಲ ತಲೆಯಾಡಿಸಿದ ಮೇಲೆ

ಪ್ರಿನ್ಸಸ್ ಟೌನ್, ಟ್ರಿನಿಡಾಡ್
ಮಾರ್ಚ್ 14, 2011

ಪ್ರಿಯ ಲಿಸ್ಟ್ರಾ,

ಮಾನ್ಯ ಅಧ್ಯಕ್ಷರೇ, ಕೈಗಡಿಯಾರದ ಮೇಲೇ ಕಣ್ಣಿಟ್ಟಿರುವ ತೀರ್ಪುಗಾರರೇ, ಸೆಕೆಗೆ ಕರಪತ್ರ ಬೀಸಿಕೊಳ್ಳುತ್ತಿರುವ ಸಭಿಕರೇ! ಎರಡು ಪತ್ರಗಳಿಗೆ ಉತ್ತರಿಸದ ಗೆಳೆಯನನ್ನು ಕ್ಷಮಿಸಬೇಕು ಎಂಬ ವಿಷಯದ ಪರವಾಗಿ ಮಾತನಾಡಲು ನಿಂತಿದ್ದೇನೆ. ಜ್ವರವಿತ್ತು, ಪರೀಕ್ಷೆಗಳಿದ್ದವು, ಪೆನ್ನು ಕಳೆದಿತ್ತು. ಮೂರರಲ್ಲಿ ಒಂದು ಮಾತ್ರ ನಿಜ. ಯಾವುದೆಂದು ನೀನೇ ಆರಿಸಿಕೋ. ಟೊಬೇಗೊದ ಗಾಳಿಗೆ ನಿನ್ನ ಮೊಣಕಾಲು ನೋವು ಇಳಿಯಿತೇ?

ನಿನ್ನ ಅಣ್ಣನ ಮಗಳು ಅಫಿಯಾಳ ಸುದ್ದಿ ನಿನಗೆ ಅರ್ಧ ಮುಟ್ಟಿದೆ. ಉಳಿದರ್ಧ ಕೇಳು, ಕೇಳಿ ಕೆರಳು.

ನಮ್ಮ ಶಿಕ್ಷಕರ ಕೋಣೆಯ ಬಾಗಿಲಿಗೆ ಪ್ರಿನ್ಸಿಪಾಲ್ ಗಿಟೆನ್ಸ್ ಸ್ವಹಸ್ತದಿಂದ ಒಂದು ಫಲಕ ಹೊಡೆದಿದ್ದಾನೆ: ‘ವಾದಕಲೆ: ವ್ಯಕ್ತಿತ್ವಕ್ಕೂ ವೃತ್ತಿಗೂ ಬೆಳವಣಿಗೆಯ ದಾರಿ’. ಪಕ್ಕದ ಕಪಾಟಿನಲ್ಲಿ ನನ್ನ ಚರ್ಚಾ ತಂಡ ಗೆದ್ದ ನಾಲ್ಕು ಕಪ್‌ಗಳು. ಎರಡು ಅಫಿಯಾ ತಂದವು.

ಏಳೂ ಮುಕ್ಕಾಲಿಗೆ ಗೇಟು ಮುಚ್ಚುತ್ತದೆ. ಹಳ್ಳಿ ಕಡೆಯ ಮಕ್ಕಳು ಬರುವ ಮ್ಯಾಕ್ಸಿ ವ್ಯಾನು ಸೀಟು ತುಂಬುವ ತನಕ ಹೊರಡುವುದಿಲ್ಲ. ತಡವಾದವರು ಒಂದು ಪಿರಿಯಡ್ ಪೂರ್ತಿ ಬಿಸಿಲಿನಲ್ಲಿ ನಿಲ್ಲಬೇಕು. ಕಳೆದ ತಿಂಗಳು ಬೆಳಗಿನ ಸಭೆಯಲ್ಲಿ ಗಿಟೆನ್ಸ್ ಎಂದಿನಂತೆ, “ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?” ಎಂದ. ಹನ್ನೊಂದು ವರ್ಷಗಳಿಂದ ಯಾರೂ ಉತ್ತರಿಸದ ಪ್ರಶ್ನೆ ಅದು. ಅಫಿಯಾ ಕೈ ಎತ್ತಿದಳು.

ನೀನೂ ನಾನೂ ಶಾಲೆಯಲ್ಲಿ ಒಟ್ಟಿಗೆ ಕಲಿತ ಸೂತ್ರ ನೆನಪಿದೆಯಲ್ಲ? ಎದುರಾಳಿ ಮೊದಲು ತಲೆಯಾಡಿಸಲಿ, ಆಮೇಲೆ ನೀನು ನಾಲಿಗೆಯಾಡಿಸು.

“ಸರ್, ಶಿಕ್ಷೆ ಇಲ್ದಿದ್ರೆ ಶಿಸ್ತು ಉಳಿಯಲ್ಲ ಅಂತೀರಿ, ಅಲ್ವಾ ಸರ್?”

ಗಿಟೆನ್ಸ್ ತಲೆಯಾಡಿಸಿದ.

“ತಪ್ಪು ಮಾಡಿದವ್ರಿಗೇ ಶಿಕ್ಷೆ ಆಗ್ಬೇಕು, ಅಲ್ವಾ?”

ತಲೆಯಾಡಿಸಿದ.

“ಒಂದು ಪಾಠ ತಪ್ಪಿದ್ರೂ ನಷ್ಟ ಅಂತ ನೀವೇ ಹೇಳ್ತೀರಿ, ಅಲ್ವಾ?”

ಮೂರನೆಯ ಸಲವೂ ಆಡಿಸಿದ, ಪಾಪ, ಖುಷಿಯಿಂದಲೇ.

“ಹಾಗಾದ್ರೆ ವ್ಯಾನ್ ಡ್ರೈವರ್‌ನ ಬಿಸಿಲಲ್ಲಿ ನಿಲ್ಸಿ ಸರ್. ನಾವು ಪಾಠಕ್ಕೆ ಹೋಗ್ತೀವಿ.”

“ಡ್ರೈವರ್ ಹತ್ರ ಟೋಪಿ ಐತೆ ಸರ್!” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಶಾಲೆಗೆ ಶಾಲೆಯೇ ನಕ್ಕಿತು. ಆ ನಗು ಗಿಟೆನ್ಸ್‌ಗೆ ನಾಟಿತು.

ಆ ವಾರವೇ, ಗುರುವಾರ, ಶಿಸ್ತು ಸಮಿತಿ ಸೇರಿತು. ಅಫಿಯಾ ಚರ್ಚಾ ತಂಡದಿಂದ ಹೊರಗೆ. ಸಾಲದ್ದಕ್ಕೆ ಅವಳ ನಡತೆ ಪತ್ರದಲ್ಲಿ ‘ಹಿರಿಯರಿಗೆ ಎದುರು ವಾದಿಸುವ ಚಾಳಿ’ ಎಂದು ಬರೆದರು. ಸ್ಯಾನ್ ಫರ್ನಾಂಡೊದ ವಕೀಲರೊಬ್ಬರು ಶಾಲೆ ಮುಗಿದ ಮೇಲೆ ಅವಳಿಗೆ ಕೆಲಸ ಕೊಡಲು ಒಪ್ಪಿ, ಈ ಪತ್ರವೊಂದನ್ನೇ ಕೇಳಿದ್ದರು. ಹುಡುಗಿ ವಾದ ಮಾಡುತ್ತಾಳೆ ಎಂದು ವಕೀಲರಿಗೇ ದೂರು ಕೊಟ್ಟ ಶಾಲೆ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು! ವಕೀಲರು ಪತ್ರ ಓದಿ, ಬೇರೆಯವರನ್ನು ತೆಗೆದುಕೊಂಡರು.

ಸಮಿತಿಯಲ್ಲಿ ಏಳು ಜನ, ಏಳು ಬಾಯಿ. ಎಲ್ಲವೂ ಬಿಚ್ಚಿದ್ದು ಕಡಲೆ ತುಂಬಿದ ಡಬಲ್ಸ್ ರೊಟ್ಟಿ ತಿನ್ನಲು ಮಾತ್ರ. ಗಣಿತದಾಕೆ ಕನ್ನಡಕ ಒರೆಸಿದಳು, ಒರೆಸಿದಳು, ಗಾಜು ಸವೆಯುವಷ್ಟು ಒರೆಸಿದಳು. ಇವರು ಮಕ್ಕಳಿಗೆ ಧೈರ್ಯದ ಮೇಲೆ ಪ್ರಬಂಧ ಬರೆಸುವವರು!

ಮರುದಿನ ಶುಕ್ರವಾರ ಅಫಿಯಾ ಬಂದು ಚರ್ಚೆಯ ಟಿಪ್ಪಣಿ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟಳು. “ಸರ್, ನಾನು ಎಲ್ಲಿ ತಪ್ಪಿದೆ? ಮೂರು ಸಲ ಒಪ್ಪಿಸಿದ್ನಲ್ಲ?”

“ಎಲ್ಲೂ ತಪ್ಪಿಲ್ಲಮ್ಮ” ಎಂದೆ.

“ಮತ್ತೆ ಸೋತಿದ್ದು ಹೇಗೆ?”

ಗಂಟೆ ಹೊಡೆಯಿತು. ನಾನು ಬದುಕಿದೆ.

ದೇವರು ನಿನ್ನ ಮೊಣಕಾಲಿಗೆ ಬಲ ಕೊಡಲಿ, ಗಿಟೆನ್ಸ್‌ನ ಮೊಗಕ್ಕೆ ನಾಚಿಕೆ ಕೊಡಲಿ. ಅಫಿಯಾಳ ನಾಲಿಗೆಯನ್ನು ಮಾತ್ರ ಹೀಗೇ ಕಾಯಲಿ.

ನಿನ್ನ,
ಹೋಲಿಸ್

ಮರೆತ ಮಾತು: ಮರೆತಿರಲಿಲ್ಲ. ನಿನ್ನ ಎರಡೂ ಪತ್ರಗಳ ಕೊನೆಯ ಸಾಲು ಒಂದೇ: ‘ಸಮಿತಿಯಲ್ಲಿ ನೀನೇನು ಹೇಳಿದೆ?’ ಏಳನೆಯವನು ನಾನು. ಗಿಟೆನ್ಸ್ ನನ್ನ ಕಡೆ ತಿರುಗಿ, “ಹುಡುಗಿ ಬುದ್ಧಿವಂತೆ, ಅಲ್ವಾ ಹೋಲಿಸ್?” ಎಂದ. ತಲೆಯಾಡಿಸಿದೆ. “ಆದ್ರೆ ಶಾಲೆ ಮರ್ಯಾದೆ ಅವಳಿಗಿಂತ ದೊಡ್ಡದು, ಅಲ್ವಾ?” ತಲೆಯಾಡಿಸಿದೆ. “ಹಾಗಾದ್ರೆ ನಿಮ್ಮದೂ ಒಪ್ಪಿಗೆ?”

ಮೂರನೆಯ ಸಲವೂ ಆಡಿಸಿದೆ, ಲಿಸ್ಟ್ರಾ.