ಹಿಂದಿನಿಂದ ಹತ್ತಿದ ಬೆಂಕಿ

ಸಿ.ಎಸ್. ಪುರ
ಭಾನುವಾರ

ಚಿ. ಸೌ. ನೇತ್ರಾವತಿಗೆ ಅಮ್ಮನ ಆಶೀರ್ವಾದ. ದೇವರು ನಿನ್ನ ಬೆನ್ನ ಹಿಂದೆ ಇರಲಿ.

ಈ ಅನಾಹುತವಾದ ಮೇಲೆ ಫೋನ್ ಮಾಡಿದರೆ ನಿಮ್ಮ ಮನೆಯವರು ಸ್ಪೀಕರ್ ಹಾಕಿಕೊಂಡು ಕೂರುತ್ತಾರೆ. ಅದಕ್ಕೇ ನಿನ್ನ ತಮ್ಮ ಅಂಜನ್‌ಕುಮಾರನ ಕೈಲಿ ಕುಣಿಗಲ್ಲಿಗೆ ಕಾಗದ ಕಳಿಸಿದ್ದೇನೆ. ಸುಟ್ಟ ಕೈ ಮಾಯುತ್ತಿದೆಯಾ? ಬೊಬ್ಬೆ ಒಡೆಯಬೇಡ, ಪೇಸ್ಟ್ ಗೀಸ್ಟ್ ಬಳಿಯಬೇಡ.

ಬೆಂಕಿ ಸುಮ್ಮಸುಮ್ಮನೆ ಹುಟ್ಟುವುದಿಲ್ಲ ಮಗಳೇ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡ. ರೆಗ್ಯುಲೇಟರ್ ಬಂದ್ ಮಾಡಿ ಕಿಟಕಿ ತೆಗೆ. ಬಾಣಲೆಯ ಎಣ್ಣೆ ಹತ್ತಿಕೊಂಡರೆ ನೀರು ಹಾಕಬೇಡ, ತಟ್ಟೆ ಮುಚ್ಚು. ದೀಪದ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಲ್ಲು. ದೀಪದ ಬೆಂಕಿ ಮೊದಲು ಸೆರಗಿನ ತುದಿ ಹಿಡಿಯುತ್ತದೆ, ಸುರುಟಿಕೊಳ್ಳುತ್ತಾ ಮೇಲೆ ಬರುತ್ತದೆ.

ಒಗೆದು ತರುತ್ತೇನೆಂದು ನಿನ್ನ ಸೀರೆ ತಂದೆನಲ್ಲ, ಅದರ ಸೆರಗು ನೆಟ್ಟಗಿದೆ. ಸುಟ್ಟಿರುವುದು ಹಿಂಬದಿ, ಸೊಂಟದ ಕೆಳಗೆ, ಏನೋ ಎರಚಿದ ಹಾಗೆ ಅಲ್ಲಲ್ಲಿ. ನಾನು ಒಗೆಯಲಿಲ್ಲ. ಪೆಟ್ರೋಲ್ ವಾಸನೆ ಇನ್ನೂ ಇದೆ.

ಅಳಿಯಂದಿರು ಭೀಮರಾಜ್ ಅವತ್ತು ಓಣಿಯವರ ಮುಂದೆ, 'ಏನ್ ಮಾಡಾದತ್ತೆ, ದೀಪ ಹಚ್ಚಕ್ಕೋಗಿ ತಗುಲಿಸ್ಕೊಂಡ್ಳು. ಇವಳಿಗೆ ಮೈಮೇಲೆ ಗ್ಯಾನ ಇದ್ರೆ ತಾನೆ' ಎಂದರು. ನಿಮ್ಮತ್ತೆ, 'ಹೂಂ ಕಣಮ್ಮ, ಹಣೆಬರ' ಎಂದು ನೆಲ ನೋಡಿದರು. ಆದರೆ ಬೆಂಕಿ ಹತ್ತಿದ ದಿನ ಬೆಳಿಗ್ಗೆಯೇ ನೀನು ಫೋನಿನಲ್ಲಿ, 'ಮುಟ್ಟಾಗಿದೀನಮ್ಮ, ದೇವ್ರ ಕೆಲ್ಸ ಎಲ್ಲಾ ಅತ್ತೇದೇ' ಅಂದಿದ್ದೆ. ಮೈನೆರೆದಾಗಿನಿಂದ ಆ ದಿನಗಳಲ್ಲಿ ದೇವರ ಮನೆ ಹೊಸ್ತಿಲು ತುಳಿಯದವಳು ಅವತ್ತು ದೀಪ ಹಚ್ಚಲು ಹೋದಳಂತೆ! ಗಂಡಸರಿಗೆ ಇವೆಲ್ಲ ಹೊಳೆಯುವುದಿಲ್ಲ. ಸುಳ್ಳು ಕಟ್ಟುವಾಗಲೂ ಹೊಳೆಯುವುದಿಲ್ಲ.

ಗೋಡೆಗೆ ಬೆನ್ನು ಕೊಟ್ಟು ಕೂರು. ಹುಷಾರು.

ಇಂತಿ ನಿನ್ನ ಹೆತ್ತಮ್ಮ,
ಕದರಮ್ಮ

ಇನ್ನೊಂದು ಮಾತು: ಅಳಿಯಂದಿರೇ, ಅವಳ ಹೆಸರಿನ ಕಾಗದ ಬಂದರೆ ನೀವೇ ಮೊದಲು ಒಡೆದು ಓದುತ್ತೀರೆಂದು ಗೊತ್ತಿದ್ದೇ ಇಷ್ಟುದ್ದ ಬರೆದೆ. ನೀವು ಮುಂಬಾಗಿಲಲ್ಲಿ ನಿಂತು ಓದುತ್ತಾ ಈ ಸಾಲಿಗೆ ಬರುವಷ್ಟರಲ್ಲಿ ನೇತ್ರಾ ಹಿತ್ತಿಲಿನಿಂದ ಹೊರಟು ತಮ್ಮನ ಆಟೊ ಹತ್ತಿರುತ್ತಾಳೆ. ಅವಳ ಕಿವಿಗೆ ಈ ಉಪಾಯ ನಿನ್ನೆಯೇ ಬಿದ್ದಿದೆ. ಕಿವಿಗೆ ಹಾಕಿದ್ದು ಯಾರೆಂದು ಹುಡುಕಬೇಡಿ. ಸೀರೆ ಪೊಲೀಸಿನವರ ಹತ್ತಿರ ಇದೆ.