ಬಾವಿಗೆ ಬೀಳುವ ಹವಾಲ್ದಾರ

ನವೆಂಬರ್ ೯, ಬೆಳಿಗ್ಗೆ

ಮೀಸೆಯ ಗೋಂದು ಇನ್ನೂ ಬಿಟ್ಟಿಲ್ಲ. ಮೇಲ್ದುಟಿ ಉರಿಯುತ್ತಿದೆ. ಆದರೂ ಓಡಿದೆ. ಕಾಲುವೆ ದಾರಿ, ಕಬ್ಬಿನ ಗಾಡಿಗಳು, ಮಂಜು. ಮುಂದೆ ಊರಿನ ಭರ್ತಿ ಹುಡುಗರು. ಪೊಲೀಸ್ ಭರ್ತಿಗೆಂದು ಬೆಳಗಾದರೆ ಓಡುವ ಇಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಒಬ್ಬ ತಿರುಗಿ ನೋಡಿ ಕೂಗಿದ, "ಏ ನೋಡ್ರೋ, ರಾತ್ರಿ ಆಟದಾಗ ಬಾವಿಗೆ ಬಿದ್ದ ಹವಾಲ್ದಾರ ಎದ್ದು ಬಂದಾನ!" ಎಲ್ಲರೂ ನಕ್ಕರು. ನಗಲಿ. ಆ ಕೂಗಿದವನನ್ನೇ ಸೇತುವೆಯ ಹತ್ತಿರ ಹಿಂದೆ ಹಾಕಿದೆ.

ಪೊಲೀಸ್ ಭರ್ತಿಯ ಜಾಹೀರಾತು ಬಂದಿದೆ. ಅರ್ಜಿಗೆ ತಿಂಗಳ ಕೊನೆಯೇ ಕಡೆಯ ದಿನ. ಎತ್ತರ ಸಾಕು. ವಯಸ್ಸು ಸಾಕು. ಹನ್ನೆರಡನೆಯದು ಪಾಸು — ಹಾಸ್ಟೆಲಿಗೆ ಹಾಕಿದ ಆಯಿಯ, ನನ್ನ ತಾಯಿಯ, ಪುಣ್ಯ. ಇನ್ನೇನು ಬೇಕು? ಎಲೈ ವೈಜಯಂತೇ! ಮೈಕಿಲ್ಲದೆ ಕಡೆಯ ಸಾಲಿಗೆ ಮುಟ್ಟುವ ಕಂಠ ನಿನ್ನದು. ಆಯಿಗೆ ಒಂದೇ ಒಂದು ಮಾತು ಹೇಳಬೇಕಾದಾಗ ಆ ಕಂಠ ಯಾವ ಪರದೆಯ ಹಿಂದೆ ಅಡಗಿ ಕೂತಿದೆ?

ಟ್ರಕ್ಕು ಹಾರ್ನ್ ಹಾಕುತ್ತಿದೆ. ಮುಂದಿನ ಊರು.

ನವೆಂಬರ್ ೧೧

ಗುಲಾಬ್ ಚಾಚಾಗೆ ಹೇಳಿಬಿಟ್ಟೆ. ನಮ್ಮ ಫಡದ, ಅಂದರೆ ತಮಾಷಾ ಮೇಳದ, ಹಳೆಯ ಹಾಸ್ಯಗಾರ. ಬಾವಿಗೆ ಬೀಳುವ ಹವಾಲ್ದಾರನ ಪಾತ್ರ ಅವರದೇ. ದೀಪಾವಳಿಗೆ ಮೊಣಕಾಲು ಕೈಕೊಟ್ಟಿತು. ಅಂದಿನಿಂದ ಆ ಖಾಕಿ, ಆ ಮೀಸೆ, ಆ ಬಾವಿ ನನಗೆ ಬಂತು. ಮೊದಲರ್ಧದಲ್ಲಿ ಲಾವಣಿ, ಎರಡನೆಯರ್ಧದಲ್ಲಿ ಮೀಸೆ!

ಚಾಚಾ ಎಲೆಯಡಿಕೆ ಅಗಿಯುವುದನ್ನೇ ನಿಲ್ಲಿಸಿದರು.

"ಪೊಲೀಸ? ಖರೇ ಪೊಲೀಸ?"

"ಹೂಂ ಚಾಚಾ."

"ಇಷ್ಟು ವರ್ಷ ಬಾವಿಗೆ ಬಿದ್ದೀನಿ ಬೇಟಿ. ಒಬ್ಬ ಫೌಜದಾರನೂ ಬಂದು ಕೈ ಕೊಡ್ಲಿಲ್ಲ."

"ನಾ ಕೊಡ್ತೀನಿ."

"ಕೊಡೂಕಿಂತ ಮೊದಲ ಪಂಚನಾಮೆ ಬರೀತಿ, ಹೌದಲ್ಲೋ?"

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಚಾಚಾ ಗಂಭೀರ. ಹಾಸ್ಯಗಾರ ಗಂಭೀರನಾದರೆ ಹೆದರಿಕೆ.

"ಜನಾ ಯಾಕ ನಗ್ತಾರ ಗೊತ್ತೈತೇನು? ಬಾವಿಗೆ ಬೀಳ್ತಾನಂತ ಅಲ್ಲ. ಬೀಳೂ ಮೊದಲ ಫಿರ್ಯಾದಿ ತಂದ ಆ ಮುದುಕಿ ಮುಂದ ಎದಿ ಉಬ್ಬಿಸಿ ಹೇಳ್ತಾನಲ್ಲ — 'ಹೋಗವ್ವಾ ತಾಯಿ, ಸರ್ಕಾರ ನಿನ್ನ ಬೆನ್ನಿಗೈತಿ!' — ಅದಕ್ಕ ನಗ್ತಾರ. ಅದು ಸುಳ್ಳಂತ ಊರಿಗೆಲ್ಲಾ ಗೊತ್ತು."

ಈ ಮಾತು ತಲೆಯಲ್ಲಿ ಢೋಲಕಿ ಬಾರಿಸುತ್ತಿದೆ.

ನವೆಂಬರ್ ೧೪

ಸ್ಫೋಟ. ಆಯಿಗೆ ಗೊತ್ತಾಯಿತು.

ಹೇಳಿದವಳು ನಾನೇ. ಆಯಿ ಜೋಳದ ಭಾಕರಿ ತಟ್ಟುತ್ತಿದ್ದಳು. ದತ್ತೂ ಮಾಮಾ — ಆಯಿಯ ತಮ್ಮ, ಫಡದ ಮಾಲೀಕ — ಠಾಣೆಯ ಪರವಾನಗಿ ತಂದು, "ಫೌಜದಾರ ಸಾಹೇಬ್ರು ಬರ್ತಾರ, ಮುಂದ ಸೋಫಾ ಹಾಕ್ರಿ" ಅಂದ. ಎಲ್ಲ ಊರಲ್ಲೂ ಇದೇ. ಮುಂದಿನ ಸಾಲಿನ ಸೋಫಾ ಖಾಕಿಗೆ ಮೀಸಲು. ನನ್ನ ಬಾಯಿಂದ ಜಾರಿತು. "ಮುಂದಿನ ವರ್ಷ ಆ ಸೋಫಾದಾಗ ನಾ ಕುಂಡ್ರತೀನಿ ಮಾಮಾ."

ಆಯಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಸದ್ದು ಮಾತ್ರ ಜೋರಾಯಿತು. ಪಟ್. ಪಟ್.

"ಕುಂಡ್ರು. ನಿನ್ನ ಆಯಿ ಕುಣೀತಾಳ. ನೋಡಿ ಸೀಟಿ ಹೊಡಿ."

"ಆಯೀ, ಹಂಗಲ್ಲ—"

"ಹೆಂಗ? ನಿನ್ನ ಹೊಟ್ಟ್ಯಾಗ ಇಟ್ಕೊಂಡಾಗ ಒಮ್ಮೆ ಢೋಲಕಿ ಪರವಾನಗಿಯ ಹತ್ತು ಗಂಟಿ ದಾಟಿ ನುಡೀತು. ಎಲ್ಲಾ ಹೆಂಗಸರನ್ನೂ ಜೀಪಿನಾಗ ತುಂಬಿದ್ರು. ಬೆಳತನಕ ಬೆಂಚಿನ ಮ್ಯಾಲ ಕುಂತಿದ್ದೆ, ಗೆಜ್ಜಿ ಬಿಚ್ಚಾಕ್ಕೂ ಬಿಡ್ಲಿಲ್ಲ. ನಾ ಒಂಚೂರು ಅಳ್ಳಾಡಿದ್ರ ಝಣ್ ಅಂತಿತ್ತು, ಅವ್ರು ನಗ್ತಿದ್ರು. ಆ ನಗೋ ಮಂದಿಯೊಳಗ ನೀನೂ ಒಬ್ಬಾಕಿ ಆಗ್ತೀಯೇನು?"

ನನಗೆ ಇದು ಗೊತ್ತಿರಲಿಲ್ಲ. ಇಷ್ಟು ವರ್ಷ, ಒಂದೇ ರಾಹುಟಿಯಲ್ಲಿ, ಒಂದೇ ಡೇರೆಯ ಬಟ್ಟೆಯಡಿ ಮಲಗಿ… ಗೊತ್ತಿರಲಿಲ್ಲ.

"ನಾ ನಗೂದಿಲ್ಲ ಆಯಿ."

"ಅಂಗಿ ನಗಸ್ತೈತಿ. ನೀ ಖಾಕಿ ತೊಟ್ಟ ದಿನದಿಂದ ನನ್ನ ಮುಖಾ ನೋಡಬ್ಯಾಡ."

ಮಾಮಾ ನಡುವೆ ಬಾಯಿ ಹಾಕಿದ. "ಅಕ್ಕಾ ಬಿಡಬೇ, ಹುಡುಗಿ ಚೇಷ್ಟಿ ಮಾಡ್ಯಾಳ. ಇಕಿ ಹೋದ್ರ ಫಡಾ ನಡೀತೈತೇನು? ಇಕಿ ದನೀಗೇ ಮಂದಿ ಬರೂದು."

ಅವನದು ಅವನ ಸಂಕಟ. ನಾನು ಹೋದರೆ ಹೊಸ ಹುಡುಗಿ ಸಿಗಬಹುದು. ಹೊಸ ಕಂಠ ಸಿಗುವುದಿಲ್ಲ. ಆಯಿ, ಫಡ — ಎರಡೂ ತಕ್ಕಡಿಯ ಒಂದು ತಟ್ಟೆಯಲ್ಲಿ. ಇನ್ನೊಂದರಲ್ಲಿ ಏನು? ನಾನೇ ಹೇಳಲಾರೆ. ಆಸೆ. ಬರೀ ಆಸೆ. ನಡೆದು ಹೋದರೆ ಜನ ದಾರಿ ಬಿಡಲಿ ಎಂಬ ಆಸೆ. ಥೂ, ಇಷ್ಟೇನಾ?

ನವೆಂಬರ್ ೧೯, ಬೆಳಿಗ್ಗೆ

ಬರೆದಿರಲಿಲ್ಲ. ಆಯಿ ಮಾತು ಬಿಟ್ಟಿದ್ದಾಳೆ. ಓಡುವುದನ್ನು ನಾನು ಬಿಟ್ಟಿಲ್ಲ.

ನಿನ್ನೆಯ ಆಟ! ಬರೆಯದಿದ್ದರೆ ಎದೆ ಒಡೆದೀತು. ಬಾವಿಯ ಪ್ರವೇಶಕ್ಕೆ ಇನ್ನೇನು ಹೋಗಬೇಕು, ಖಾಕಿ ತೊಟ್ಟು ನಿಂತಿದ್ದೆ. ಹೆಂಗಸರು ಕೂರುವ ಬದಿಯ ಬಿದಿರು ಮುರಿಯಿತು. ಕುಡಿದ ಗುಂಪೊಂದು ಒಳಗೆ ನುಗ್ಗಿತು. ಕಿರುಚಾಟ, ಮಕ್ಕಳು, ಕುರ್ಚಿಗಳು ಗಾಳಿಯಲ್ಲಿ. ಬಂದೋಬಸ್ತಿನ ಇಬ್ಬರು ಪೊಲೀಸರು ಊಟಕ್ಕೆ ಹೋಗಿದ್ದರು. ನಾನು ಯೋಚಿಸಲಿಲ್ಲ. ಜಿಗಿದೆ. ಲಾಠಿ ನೆಲಕ್ಕೆ ಬಡಿದು ಒಂದೇ ಗರ್ಜನೆ —

"ಕೂ…ತ್ಕೋ!"

ಕೂತರು.

ಇಡೀ ಬಯಲು ಕೂತಿತು! ಅಂಟಿಸಿದ ಮೀಸೆ, ರಟ್ಟಿನ ಬಿಲ್ಲೆ, ಅದಕ್ಕೇ ಕೂತಿತು. ಕುಡುಕರು ಕೈ ಜೋಡಿಸಿ ಹಿಂದೆ ಸರಿದರು. ದಿನಾ ಇದೇ ಕೂಗಿಗೆ ನಗುತ್ತಾರೆ. ನಿನ್ನೆ ಒಬ್ಬರೂ ನಗಲಿಲ್ಲ. ಆ ನಿಶ್ಶಬ್ದ… ಹೇಗೆ ಹೇಳಲಿ? ಸಿಹಿಯಾಗಿತ್ತು. ಅಷ್ಟು ಸಿಹಿ ಒಳ್ಳೆಯದಲ್ಲ ಎಂದು ಆಗಲೇ ಅನ್ನಿಸಿತು.

ಅದೇ ದಿನ, ಮಧ್ಯಾಹ್ನ, ಟ್ರಕ್ಕಿನಲ್ಲಿ

ಊರು ತಲುಪುವ ತನಕ ತಡೆಯಲಾರೆ, ಈಗಲೇ ಬರೆಯುತ್ತೇನೆ. 

ಸಾಮಾನು ಕಟ್ಟುತ್ತಿದ್ದೆವು. ಒಬ್ಬ ಹೆಂಗಸು ಬಂದಳು, ತಲೆ ಮೇಲೆ ಸೆರಗು. "ರಾತ್ರಿ ಬಂದಿದ್ದ ಮೇಡಂ ಎಲ್ಲದಾರ?" ನಾನು ಖಾಕಿ ಅಂಗಿಯನ್ನು ಬಿಸಿಲಿಗೆ ಕೊಡವುತ್ತಿದ್ದೆ. ಅಂಗಿ ನೋಡಿದಳು, ನನ್ನನ್ನು ನೋಡಿದಳು, ಕಾಲು ಹಿಡಿದಳು. ಮೀಸೆಯ ಹಿಂದಿನ ಹೆಣ್ಣನ್ನು ರಾತ್ರಿಯೇ ಗುರುತಿಸಿದ್ದಾಳೆ. ನಾಟಕದ ಪೊಲೀಸು ಎಂಬುದನ್ನು ಮಾತ್ರ ಗುರುತಿಸಿಲ್ಲ.

ಹೆಸರು ಸಖೂಬಾಯಿ. ಮಗಳು ಪಾರೂ, ಶಾಲೆಯಲ್ಲಿ ಒಂಬತ್ತನೆಯ ಇಯತ್ತೆ. ಗುರುವಾರ ಮದುವೆ. ಸಖೂಬಾಯಿಯ ಮಾವ, ಗಂಡ ಸೇರಿ ನಿಶ್ಚಯ ಮಾಡಿದ್ದಾರೆ. ಹುಡುಗಿ ಊಟ ಬಿಟ್ಟಿದ್ದಾಳೆ.

"ಠಾಣೆಗೆ ಹೋಗಿದ್ದೆರಿ. ಮನಿ ಮಾತು ಮನ್ಯಾಗ ಮುಗಿಸ್ಕೋರಿ ಅಂದ್ರು. ನೀವು ಒಮ್ಮೆ ಬಂದು ಒದರ್ರಿ ಮೇಡಂ. ಅಷ್ಟು ಗಂಡಸರನ್ನ ಕುಂಡ್ರಿಸಿದ್ರಿ. ನಮ್ಮ ಮಾಂವ ಒಬ್ಬಾಂವ."

ನಾನು ಬಾಯಿ ತೆರೆದೆ. ನಾನು ಪೊಲೀಸ್ ಅಲ್ಲ ಎಂದು ಹೇಳಬೇಕಿತ್ತು. ಅದನ್ನೇ ಹೇಳಲು ತೆರೆದದ್ದು. ದಿನಾ ರಾತ್ರಿ ಆಟದಲ್ಲಿ ಒಬ್ಬ ಮುದುಕಿ ಹೀಗೇ ಬಂದು ಹೀಗೇ ಕಾಲು ಹಿಡಿಯುತ್ತಾಳೆ. ನಾನು ದಿನಾ ಒಂದೇ ಉತ್ತರ ಕೊಡುತ್ತೇನೆ. ನಾಲಿಗೆಗೆ ಅದೊಂದೇ ಗೊತ್ತು. ಎದೆ ತಾನಾಗಿ ಉಬ್ಬಿತು.

"ಹೋಗವ್ವಾ ತಾಯಿ. ಸರ್ಕಾರ ನಿನ್ನ ಬೆನ್ನಿಗೈತಿ."

ಅವಳು ನಗಲಿಲ್ಲ. ಕಣ್ಣೊರೆಸಿಕೊಂಡು, ನಮಸ್ಕಾರ ಮಾಡಿ, ಹಗುರಾಗಿ ನಡೆದುಹೋದಳು. ಅಂಗಿ ಹಿಡಿದುಕೊಂಡೇ ನಿಂತೆ. ಮಾಮಾ ಕೂಗಿದ, "ವೈಜೂ, ಹತ್ತು!" ಹತ್ತಿದೆ.

ಹತ್ತಿಬಿಟ್ಟೆ!

ನವೆಂಬರ್ ೨೦

ಊಟ ಸೇರಲಿಲ್ಲ. ಮಲಗಿದರೆ ಏಳುತ್ತೇನೆ, ಎದ್ದರೆ ನಡೆಯುತ್ತೇನೆ, ನಡೆದರೆ ಕೂರುತ್ತೇನೆ. ನಿನ್ನೆ ಆಟದಲ್ಲಿ ಆ ಮಾತು ಬಂದಾಗ ನಾಲಿಗೆ ಏಳಲಿಲ್ಲ. ಚಾಚಾ ಪರದೆಯ ಹಿಂದಿನಿಂದ ಕೂಗಿ ದಾಟಿಸಿದರು.

ಮುಂಜಾನೆ ಅವರಿಗೆ ಎಲ್ಲ ಹೇಳಿದೆ.

"ಗುರುವಾರ ಅಂದ್ರ ನಾಳೆ," ಅಂದರು. ಅಷ್ಟೇ. ಆಮೇಲೆ, "ಆ ಊರಿಗೆ ಮೊದಲ ಬಸ್ಸು ಸ್ಟ್ಯಾಂಡಿನಿಂದ ನಸುಕಿನ್ಯಾಗ ಬಿಡ್ತೈತಿ. ದತ್ತೂಗ ನಾ ಹೇಳ್ತೀನಿ. ಮೊಣಕಾಲು ಹೋದ್ರ ಹೋಗ್ಲಿ, ಬಾವಿಗೆ ನಾನೇ ಬೀಳ್ತೀನಿ."

ನವೆಂಬರ್ ೨೨

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ನಿನ್ನೆ ಪೆನ್ನು ಹಿಡಿಯಲಾಗಲಿಲ್ಲ.

ಸಖೂಬಾಯಿಯ ಊರಿನ ಠಾಣೆ. ಸೀರೆ ಉಟ್ಟು ಹೋಗಿದ್ದೆ. ಜಮಾದಾರ ಒಂದೇ ನೋಟಕ್ಕೆ ಗುರುತು ಹಿಡಿದ. "ಅರೇ! ತಮಾಷಾದ ಹವಾಲ್ದಾರ! ಬರ್ರಿ ಬರ್ರಿ, ಸಲಾಮು!" ನಾಲ್ಕೈದು ಜನ ಸೇರಿದರು. ಪಾರೂ, ಮದುವೆ, ಇವತ್ತೇ ಎಂದೆ. ಅವನಿಗೆ ಕೇಳಿಸಿತೋ ಇಲ್ಲವೋ.

"ಬರ್ಕೊಳ್ಳೂಣು, ಬರ್ಕೊಳ್ಳೂಣು. ಮೊದಲ ಬಾವಿಗೆ ಬೀಳೂದೊಂದು ಮಾಡಿ ತೋರಸ್ರಿ. ಅವತ್ತು ನಾ ಊಟಕ್ಕ ಹೋಗಿ ತಪ್ಪಿಸ್ಕೊಂಡೆ."

ಮೂಲೆಯ ಮೇಜಿನಲ್ಲಿ ಒಬ್ಬ ಮಹಿಳಾ ಕಾನ್‌ಸ್ಟೇಬಲ್ ತಲೆ ತಗ್ಗಿಸಿ ಬರೆಯುತ್ತಿದ್ದಳು.

ಗಡಿಯಾರ ನೋಡಿದೆ. ಮುಹೂರ್ತ ಮಧ್ಯಾಹ್ನ.

ಮಾಡಿದೆ. ಸೆರಗು ಸೊಂಟಕ್ಕೆ ಸಿಗಿಸಿ, ಎದೆ ಉಬ್ಬಿಸಿ, ನಿಜವಾದ ಠಾಣೆಯ ನಿಜವಾದ ನೆಲದ ಮೇಲೆ, ಪೂರ್ತಿ ಪ್ರವೇಶ. ಆ ಮಾತನ್ನೂ ಹೇಳಿದೆ. ಬಿದ್ದೆ. ದೊಪ್ಪೆಂದು ಬಿದ್ದೆ. ಅವರೆಲ್ಲ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಬಿದ್ದಲ್ಲಿಂದ ಕಂಡದ್ದು ಮೇಜಿನ ಕಾಲುಗಳು, ಬೂಟುಗಳು. ಆಮೇಲೆ ಜಮಾದಾರ ಕಣ್ಣೊರೆಸಿಕೊಂಡು, "ಭಾರೀ ಬೀಳ್ತೀರಿ ಬಿಡ್ರಿ. ಏ ಉಜ್ವಲಾ, ಜೀಪು ತಗೊಂಡು ಇವರ ಸಂಗಾಟ ಹೋಗಿ ಬಾ" ಅಂದ.

ಮೂಲೆಯ ಕಾನ್‌ಸ್ಟೇಬಲ್ ಉಜ್ವಲಾ. ಜೀಪು ಏರುತ್ತಲೇ ಅಂದಳು, "ಆ ಸಖೂಬಾಯಿ ಬಂದ ದಿನಾನೇ ಜೀಪು ಕೇಳಿದ್ದೆ. ಕೊಟ್ಟಿರ್ಲಿಲ್ಲ. ನಿನ್ನ ಪುಣ್ಯಾದಿಂದ ಸಿಕ್ತು."

ಪುಣ್ಯವಂತೆ!

ಹುಡುಗಿಗೆ ಅರಿಶಿನ ಹಚ್ಚಿಯಾಗಿತ್ತು. ಬ್ಯಾಂಡಿನವರು ಬಂದಿದ್ದರು. ನಾನು ಗರ್ಜಿಸಲು ಉಸಿರು ಎಳೆದುಕೊಂಡೆ. ಉಜ್ವಲಾ ಕೈ ಅಡ್ಡ ಹಿಡಿದಳು. ಮೆತ್ತಗೆ ಮಾತಾಡಿದಳು. ಒಂದೇ ಮಾತನ್ನು ಮಾವನಿಗೆ, ಗಂಡನಿಗೆ, ವರನ ಕಡೆಯವರಿಗೆ, ಭಟ್ಟರಿಗೆ, ಅಡಿಗೆಯವನಿಗೂ ಹೇಳಿದಳು. ಕೇಸು ಯಾರ ಯಾರ ಮೇಲೆ ಆಗುತ್ತದೆ ಎಂದು. ಎಲ್ಲೂ ದನಿ ಏರಲಿಲ್ಲ. ಬ್ಯಾಂಡಿನವರು ಮೊದಲು ಎದ್ದರು. ಆಮೇಲೆ ಭಟ್ಟರು. ಪಾರೂ ಬಾಗಿಲ ಹಿಂದೆ ನಿಂತು ತಣ್ಣನೆಯ ಭಾಕರಿಯನ್ನು ಗಬಗಬ ತಿನ್ನುತ್ತಿದ್ದಳು.

ಮಾವ ಜೀಪಿನ ತನಕ ಬಂದ. "ಇವತ್ತ ಬಂದ್ರಿ. ನಾಳೆ?"

"ನಾಳೇನೂ ಬರ್ತೀನಿ ಅಜ್ಜಾ," ಅಂದಳು ಉಜ್ವಲಾ. "ನಾಡಿದ್ದೂ. ಚಾ ಮಾಡಿಟ್ಟಿರು."

ದಾರಿಯಲ್ಲಿ ಕೇಳಿದೆ, ಖರೇ ಹೋಗುತ್ತೀಯಾ ಎಂದು. "ಹೋಗಬೇಕಲ್ಲ. ಒಮ್ಮೆ ಒದರಿದ್ರ ಆಗೂದಿಲ್ಲ. ಮೋಟರ್‌ಸೈಕಲ್ ನಂದೇ ಐತಿ, ಜೀಪು ಕೇಳೂದು ಬ್ಯಾಡ."

ಮನಸ್ಸಿಗೆ ಚುಚ್ಚಿದ್ದು ಇದೇ. ಆಗಿನಿಂದ ಕೊರೆಯುತ್ತಿರುವುದು ಇದೇ. ನಮ್ಮ ಟ್ರಕ್ಕು ದಿನಾ ಬೆಳಗಾದರೆ ಊರು ಬಿಡುತ್ತದೆ. ನನ್ನ ಗರ್ಜನೆಗೆ ಕೂತವರು ನಾನು ಹೋದ ಮೇಲೆ ಏಳುತ್ತಾರೆ. ಅವಳು ಅಲ್ಲೇ ಇರುತ್ತಾಳೆ. ಆದರೆ ಅದೇ ಅವಳು, ಮೂಲೆಯ ಮೇಜಿನಲ್ಲಿ ತಲೆ ತಗ್ಗಿಸಿ, ನಾನು ಬೀಳುವಾಗ ಬರೆಯುತ್ತಲೇ ಇದ್ದಳು. ಆ ಮೂಲೆ ನನಗೆ ಬೇಕೆ? ಬೇಡ. ಬೇಕು. ಬೇಡ!

ಆಯಿಗೆ ಚಾಚಾ ಎಲ್ಲ ಹೇಳಿದ್ದಾರೆ. ರಾಹುಟಿಯೊಳಗೆ ಬಂದಳು.

"ಠಾಣೆಯೊಳಗ ಬಿದ್ದೀಯಂತ?"

"ಹೂಂ."

"ಎಲ್ಲಿ ತಾಗೈತಿ?"

ಮೊಣಕೈ ತೋರಿಸಿದೆ. ಅರಿಶಿನ ಎಣ್ಣೆ ಬಿಸಿ ಮಾಡಿ ಹಚ್ಚಿದಳು. 

ನವೆಂಬರ್ ೨೮

ಓಡಿದೆ. ಓಡುವಾಗ ಮಾತ್ರ ತಲೆ ಸುಮ್ಮನಿರುತ್ತದೆ. ಉಜ್ವಲಾ ಫೋನು ಮಾಡಿದ್ದಳು. ಪಾರೂ ಶಾಲೆಗೆ ಹೋಗುತ್ತಿದ್ದಾಳಂತೆ, ಮಾವ ಚಹಾ ಕೊಟ್ಟನಂತೆ, ಸಕ್ಕರೆ ಹಾಕದೆ. "ಅರ್ಜಿ ಹಾಕಿದಿ?" ಅಂದಳು. ಇಲ್ಲ ಅಂದೆ. "ಹಾಕಬ್ಯಾಡ, ಸೊಂಟ ಮುರೀತೈತಿ," ಅಂದು ನಕ್ಕಳು. ಆಮೇಲೆ, "ಈ ಠಾಣೆಯೊಳಗ ನಾ ಒಬ್ಬಾಕಿನೇ ಹೆಂಗಸು," ಅಂದು ಫೋನು ಇಟ್ಟಳು.

ಮಾಮಾನಿಗೆ ಹೇಳಿದರೆ ಅಳುತ್ತಾನೆ. ಆಯಿಗೆ ಹೇಳಿದರೆ ಮುಖ ತಿರುಗಿಸುತ್ತಾಳೆ. ಹೇಳದಿದ್ದರೆ ನಾನು…

ನವೆಂಬರ್ ೩೦, ಹಗಲು

ಕಂಪ್ಯೂಟರ್ ಅಂಗಡಿಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಸರ್ವರ್ ಬಿಝಿ. ಇಡೀ ಜಿಲ್ಲೆಯೇ ಕಡೆಯ ದಿನ ಕಾಯುತ್ತಿತ್ತೇನೋ.

ಪಕ್ಕದಲ್ಲಿ ಆಯಿ.

ಹೌದು, ಆಯಿ! ಬೆಳಿಗ್ಗೆ ನೋಡಿದರೆ ಹಸಿರು ಒಂಬತ್ತು ಗಜದ ಸೀರೆ ಉಟ್ಟು, ಎಲೆಯಡಿಕೆ ಹಾಕಿಕೊಂಡು, ಟ್ರಕ್ಕಿನ ಹತ್ತಿರ ನಿಂತಿದ್ದಳು. "ನಡಿ" ಅಂದಳು. ಎಲ್ಲಿಗೆ ಎಂದೆ. "ಎಲ್ಲಿಗೆ ಅಂತ! ಹದಿನೈದು ದಿನದಿಂದ ಬಾಲಾ ಸುಟ್ಟ ಬೆಕ್ಕಿನಂಗ ತಿರುಗಾಕತ್ತೀ. ನಡಿ."

"ಮುಖಾ ನೋಡಬ್ಯಾಡ ಅಂದಿದ್ದಿ."

"ಅಂದೀನಿ. ಇಲ್ಲ ಅಂತ ಯಾರಂದ್ರು?" ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕಿಟಕಿಗೇ ಹೇಳುವವಳ ಹಾಗೆ ಅಂದಳು. "ಅವತ್ತ ಆ ಠಾಣೆಯೊಳಗ ಹೆಂಗಸು ಅಂತ ಒಬ್ಬಾಕೀನೂ ಇರ್ಲಿಲ್ಲ. ಇದ್ದಿದ್ರ ಗೆಜ್ಜಿ ಬಿಚ್ಚಾಕರ ಬಿಡ್ತಿದ್ಳೇನೋ. ಬಿಡ್ತಿದ್ದಿಲ್ಲೋ ಏನೋ. ಯಾರಿಗೆ ಗೊತ್ತು."

ಅವಳ ಭುಜಕ್ಕೆ ಭುಜ ತಾಗಿಸಿ ಕೂತೆ. 

ನಮ್ಮ ಸರದಿ ಬಂತು. ಅಂಗಡಿಯ ಮಾಲೀಕ ಕನ್ನಡಕದ ಮೇಲಿಂದ ನೋಡಿ ಕೇಳುತ್ತಾ ಹೋದ, ಹೆಸರು, ಊರು… ಊರಿಗೆ ತಡವರಿಸಿದೆ. ಆಮೇಲೆ, "ಈಗ ಏನ್ ಕೆಲಸಾ ಮಾಡ್ತೀರಿ?" ನಾನು ಬಾಯಿ ತೆರೆಯುವ ಮೊದಲೇ ಆಯಿ ಬೆಂಚಿನಿಂದ ಎದ್ದಳು. ಸರದಿಯಲ್ಲಿದ್ದ ಹುಡುಗರೆಲ್ಲ ತಿರುಗಿದರು. ನನ್ನ ಕಂಠ ಎಲ್ಲಿಂದ ಬಂದದ್ದು ಎಂದು ಆ ಅಂಗಡಿಗೆ ಗೊತ್ತಾಯಿತು.

"ತಮಾಷಾ! ದೊಡ್ಡ ಅಕ್ಷರದಾಗ ಬರಿ."

ಒಬ್ಬ ಹುಡುಗ ಕಿಸಕ್ಕೆಂದ. ಆಯಿ ಅವನನ್ನು ನೋಡಿದಳು. ಅವನು ಕೂತ.

ಎಲ್ಲ ತುಂಬಿಯಾಯಿತು. ಈಗ ಪರದೆಯ ಮೇಲೆ ಚಕ್ರ ಸುತ್ತುತ್ತಿದೆ. ಸುತ್ತುತ್ತಲೇ ಇದೆ. ಸಂಜೆ ಆಟವಿದೆ, ಮಾಮಾನಿಗೆ ಇನ್ನೂ ಹೇಳಿಲ್ಲ, ಕಡೆಯ ಬಸ್ಸು ಹೋದರೆ ಚಾಚಾನ ಮೊಣಕಾಲು ಮತ್ತೆ… ಮಾಲೀಕ ಕರೆಯುತ್ತಿದ್ದಾನೆ. "ಬರ್ರಿ, ಬಂತು. ನೀವೇ ಒತ್ತತೀರೋ ನಾ ಒತ್ಲೋ?"

"ತಡಿ," ಅಂದಳು ಆಯಿ. ಸೆರಗಿನ ತುದಿಯಿಂದ ನನ್ನ ಬೆರಳಿನ ಶಾಯಿ ಒರೆಸುತ್ತಿದ್ದಾಳೆ, ಪೆನ್ನು ಬಿಡು ಅನ್ನುತ್ತಿದ್ದಾಳೆ, ನಾನು ಎಡಗೈಯಲ್ಲಿ ಗೀಚುತ್ತಿದ್ದೇನೆ, ನಾನೇ ಒತ್ತುತ್ತೇನೆ, ಈಗಲೇ—