ಉಳುಕು ತೆಗೆಯುವ ಕಾಲು

ತಮ್ಮ ಲೋಕಪ್ಪನಿಗೆ,

ಇವತ್ತು ಬೆಳಿಗ್ಗೆ ಪಕ್ಕದ ತೋಟದ ಸುರೇಂದ್ರ ಸೊಂಟ ಹಿಡಿದುಕೊಂಡು ಬಂದ. ಮೂಟೆ ಎತ್ತುವಾಗ ಉಳುಕಿತಂತೆ. "ನೀವು ಕಾಲು ಮುಂದಾಗಿ ಹುಟ್ಟಿದೋರಲ್ವಾ ದೊಡ್ಡಯ್ಯ, ಒಂದ್ಸಲ ಒದ್ದು ಉಳುಕು ತೆಗೀರಿ" ಅಂದವನೇ ನಮ್ಮ ಕಾಫಿ ಕಣದಲ್ಲಿ ಬೋರಲು ಮಲಗಿದ. ಅವತ್ತು ನೀನು ಮಲಗಿದ್ದ ಜಾಗದಲ್ಲೇ.

"ಏಳೋ ಕತ್ತೆ! ಮೂಡಿಗೆರೆಗೆ ಹೋಗಿ ಡಾಕ್ಟ್ರಿಗೆ ತೋರ್ಸು" ಎಂದು ಬೈದೆ.

ಅವತ್ತು ಸೊಂಟ ಉಳುಕಿದಾಗ ನೀನು ಡಾಕ್ಟರ ಹತ್ತಿರವೇ ಹೋಗುತ್ತೇನೆ ಎಂದಿದ್ದೆ. ನಾನೇ ನಕ್ಕು, ತಡೆದು, ಬೆನ್ನಿಗೆ ಒದ್ದೆ. ಆಮೇಲೆ ಹನ್ನೊಂದು ವರ್ಷ ನೀನು ಏಳಲಿಲ್ಲ. ಕೇಳಿದವರಿಗೆಲ್ಲ "ಮರದಿಂದ ಬಿದ್ದೆ" ಎಂದೇ ಹೇಳಿ ಸತ್ತೆ.

ಸುರೇಂದ್ರ ಗೊಣಗುತ್ತ ನಡೆದುಕೊಂಡೇ ಹೋದ. ಗೇಟು ದಾಟುವವರೆಗೂ ಅವನ ಕಾಲನ್ನೇ ನೋಡಿದೆ. ಕಣದಲ್ಲಿ ಮಾತ್ರ ಇನ್ನೂ ಯಾರೋ ಬೋರಲು ಮಲಗಿದ ಹಾಗಿತ್ತು. ತುಳಿಯಲಾರದೆ, ಸುತ್ತು ಹಾಕಿಕೊಂಡು ಒಳಗೆ ಬಂದೆ.

ನಿನ್ನಣ್ಣ